ರಿಫ್ಲೆಕ್ಟಿವ್ ಡೈರಿಯಲ್ಲಿ ನನ್ನ ತಪ್ಪನ್ನು ಬರೆಯಲಾ, ಬೇಡವಾ? (ಬಿ.ಎಡ್. ಇಂಟರ್ನ್‌ಶಿಪ್)

ಹೊಸ_ಮೇಡಂ | ಸೋಮವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ನಾನು ಬಿ.ಎಡ್. ಎರಡನೇ ವರ್ಷದಲ್ಲಿದ್ದೇನೆ. ಗಣಿತ, ಭೌತಶಾಸ್ತ್ರ ನನ್ನ ವಿಷಯ. ಹದಿನಾರು ವಾರದ ಇಂಟರ್ನ್‌ಶಿಪ್‌ನಲ್ಲಿ ಇದು ಐದನೇ ವಾರ. ಸರ್ಕಾರಿ ಪ್ರೌಢಶಾಲೆ. ಊರಿನ ಹೆಸರು ಬೇಡ.

ಹೋದ ಗುರುವಾರ ನಡೆದದ್ದು ಹೇಳುತ್ತೇನೆ. ಎಂಟನೇ ತರಗತಿ, ಊಟ ಆದ ಮೇಲಿನ ಪೀರಿಯಡ್, 54 ಮಕ್ಕಳು. ನಮ್ಮ ಗಣಿತದ ಸರ್ ತರಬೇತಿಗೆ ಹೋಗಿದ್ದರು. ಅವರ ಎಲ್ಲಾ ಕ್ಲಾಸು ನನ್ನ ಮೇಲೇ ಬಿದ್ದಿತ್ತು. ಅದು ಅವತ್ತಿನ ಐದನೇ ಕ್ಲಾಸು, ಗಂಟಲು ಕಟ್ಟಿತ್ತು. ಹಿಂದಿನ ಬೆಂಚಿನ ಒಬ್ಬ ಹುಡುಗನನ್ನು ಬೋರ್ಡಿಗೆ ಕರೆದೆ. ಸುಲಭದ ಲೆಕ್ಕ. ತಪ್ಪು ಬರೆದ. ಇನ್ನೊಂದು ಸಲ ಮಾಡು ಅಂದೆ. ಅದೇ ತಪ್ಪು. ಮೂರನೇ ಸಲವೂ ಅದೇ. ಮಕ್ಕಳೆಲ್ಲ ನಗುತ್ತಿದ್ದರು. ನನ್ನ ಬಾಯಿಂದ "ತಲೇಲಿ ಮಿದುಳಿದೆಯಾ, ಸಗಣಿ ಇದೆಯಾ" ಅಂತ ಬಂದುಬಿಟ್ಟಿತು. ನಗು ಇನ್ನೂ ಜೋರಾಯಿತು. ಅವನು ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ಹೋಗಿ ಕೂತ. ಶುಕ್ರವಾರ ಬರಲಿಲ್ಲ. ಶನಿವಾರ ಬೆಳಗಿನ ಶಾಲೆಗೂ ಬರಲಿಲ್ಲ. ಇವತ್ತೂ ಇಲ್ಲ.

ಆ ಮಾತು ನನ್ನದಲ್ಲ. ನಾನು ಏಳನೇ ಕ್ಲಾಸಲ್ಲಿದ್ದಾಗ ನನಗೇ ಒಬ್ಬರು ಹೇಳಿದ ಮಾತು, ಪದವೂ ಬದಲಾಗಿಲ್ಲ. ಮೂರು ರಾತ್ರಿಯಿಂದ ಅದೇ ತಲೆಯಲ್ಲಿ ಓಡುತ್ತಿದೆ. ನಾನು ಅಂಥ ಟೀಚರ್ ಆಗಬಾರದು ಅಂತಲೇ ಬಿ.ಎಡ್.ಗೆ ಬಂದವಳು.

ಈಗ ಪ್ರಶ್ನೆ. ವಾರಕ್ಕೊಮ್ಮೆ ರಿಫ್ಲೆಕ್ಟಿವ್ ಡೈರಿ ಕೊಡಬೇಕು, ಅಂದರೆ ಕ್ಲಾಸಲ್ಲಿ ನಡೆದದ್ದನ್ನು ನಾವೇ ಹಿಂತಿರುಗಿ ನೋಡಿ ಬರೆಯುವ ಡೈರಿ. ಗೆಳತಿಯರು ಸೀನಿಯರ್‌ಗಳ ಡೈರಿ ನೋಡಿ ಬರೆಯುತ್ತಾರೆ. "ಇಂದಿನ ಪಾಠ ಯಶಸ್ವಿಯಾಯಿತು, ಮಕ್ಕಳು ಆಸಕ್ತಿಯಿಂದ ಪಾಲ್ಗೊಂಡರು" ಅಂತ. ನಾನು ನಡೆದದ್ದನ್ನೇ ಬರೆಯುತ್ತೇನೆ ಅಂದಾಗ ನಮ್ಮ ಕಾಲೇಜಿನ ಮಾರ್ಗದರ್ಶಕರು, "ಇದಕ್ಕೆ ಇಂಟರ್ನಲ್ ಅಂಕ ಇದೆ ಕಣಮ್ಮಾ, ಒಳ್ಳೇದನ್ನು ಬರಿ" ಅಂದರು. ಏನು ಮಾಡಲಿ?

ಪೆನ್ಸಿಲ್_ಮೊನೆ | ಸೋಮವಾರ ರಾತ್ರಿ 9:20

ಬರೀಬೇಡಿ. ಮೊದಲು ಪಾಸಾಗಿ, ಕೆಲಸ ತಗೊಳ್ಳಿ. ಆಮೇಲೆ ನಿಮಗೆ ಬೇಕಾದ ಹಾಗೆ ಟೀಚರ್ ಆಗಿ.

ಕೆಂಪುಇಂಕು | ಸೋಮವಾರ ರಾತ್ರಿ 9:31

ಪೆನ್ಸಿಲ್ ಅವರೇ, ಒಪ್ಪಲ್ಲ. ಈಗ ಬರೆಯದವರು ಕೆಲಸ ಸಿಕ್ಕ ಮೇಲೆ ಬರೀತಾರಾ? ಕೆಲಸ ಸಿಕ್ಕ ಮೇಲೆ ಡೈರಿಯನ್ನು ಯಾರೂ ಕೇಳೋದೇ ಇಲ್ಲ. ಬಿ.ಎಡ್.ನಲ್ಲಿ "ಅಂಡರ್‌ಸ್ಟ್ಯಾಂಡಿಂಗ್ ದಿ ಸೆಲ್ಫ್" ಅಂತ ಒಂದು ಪತ್ರಿಕೆಯನ್ನೇ ಇಟ್ಟಿದ್ದಾರೆ. ಟೀಚರ್ ಆಗೋ ಮುಂಚೆ ತನ್ನ ಸಿಟ್ಟು, ಭಯ, ಜಾತಿ, ಬೆಳೆದ ಮನೆ ಇವೆಲ್ಲ ತನ್ನೊಳಗೆ ಹೇಗೆ ಕೆಲಸ ಮಾಡುತ್ತವೆ ಅಂತ ನೋಡಿಕೊಳ್ಳಲಿ ಅಂತ. ಈ ಹುಡುಗಿ ಅದನ್ನು ನಿಜವಾಗಿ ಮಾಡಿದ್ದಾರೆ. ಏಳನೇ ಕ್ಲಾಸಿನ ಮಾತು ತನ್ನ ಬಾಯಿಗೆ ಹೇಗೆ ಬಂತು ಅಂತ ಕಂಡುಕೊಂಡಿದ್ದಾರೆ. ಅದಕ್ಕೆ ಅಂಕ ಕಡಿಮೆ ಆಗುತ್ತೆ ಅಂದರೆ ಆ ಪತ್ರಿಕೆ ಯಾಕೆ ಬೇಕು?

ಮಲೆನಾಡ_ಮೇಷ್ಟ್ರು | ಸೋಮವಾರ ರಾತ್ರಿ 9:48

ತಂಗಿ, ಡೈರಿ ವಿಷಯ ಆಮೇಲೆ ಮಾತಾಡೋಣ. ಮೊದಲು ಒಂದು ಕೇಳುತ್ತೇನೆ. ಆ ಹುಡುಗ ಬೋರ್ಡಿನ ಮೇಲೆ ಏನು ಬರೆದ? ಲೆಕ್ಕ ಯಾವುದು, ಅವನ ಉತ್ತರ ಯಾವುದು, ಇದ್ದ ಹಾಗೇ ಹೇಳಿ.

ಕಾನೂನು_ಕಟ್ಟೆ | ಸೋಮವಾರ ರಾತ್ರಿ 9:55

ಒಂದು ವಿಷಯ ಎಲ್ಲರಿಗೂ ಗೊತ್ತಿರಲಿ. ಮೇಡಂ ಹೊಡೆದಿಲ್ಲ, ನಿಜ. ಆದರೆ ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಂ ದೈಹಿಕ ಶಿಕ್ಷೆಯನ್ನು ಮಾತ್ರ ನಿಷೇಧಿಸಿಲ್ಲ. ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ನಾಲ್ಕು ಜನರ ಮುಂದೆ ಮಗುವನ್ನು ಅವಮಾನ ಮಾಡುವುದು ಅದರಲ್ಲೇ ಬರುತ್ತದೆ. ಹೆದರಿಸಲು ಹೇಳುತ್ತಿಲ್ಲ. "ಹೊಡೆದಿಲ್ಲವಲ್ಲ" ಅನ್ನುವ ಸಮಾಧಾನ ಬೇಡ ಅಂತಷ್ಟೇ.

ಪೆನ್ಸಿಲ್_ಮೊನೆ | ಸೋಮವಾರ ರಾತ್ರಿ 10:02

ಆ ಕಾಯ್ದೆ ಒಂದರಿಂದ ಏಳನೇ ಕ್ಲಾಸಿಗೆ ಮಾತ್ರ ಅಲ್ವಾ? ಇದು ಹೈಸ್ಕೂಲು.

ಕಾನೂನು_ಕಟ್ಟೆ | ಸೋಮವಾರ ರಾತ್ರಿ 10:07

ಅಲ್ಲ. 6ರಿಂದ 14 ವರ್ಷ, ಎಂಟನೇ ತರಗತಿ ಮುಗಿಯುವವರೆಗೆ. ನಮ್ಮಲ್ಲಿ ಎಂಟನೇ ಕ್ಲಾಸು ಹೈಸ್ಕೂಲ್ ಕಟ್ಟಡದಲ್ಲಿ ಇರುವುದರಿಂದ ಹಾಗೆ ಅನ್ನಿಸುತ್ತದೆ. ಒಂಬತ್ತು, ಹತ್ತಕ್ಕೆ ಹೋದ ಕೂಡಲೇ ಮಗುವಿಗೆ ರಕ್ಷಣೆ ಇಲ್ಲ ಅಂತಲೂ ಅಲ್ಲ. ಬಾಲನ್ಯಾಯ ಕಾಯ್ದೆ 2015ರ 75ನೇ ಕಲಂ ಇದೆ. ತಮ್ಮ ಸುಪರ್ದಿಯಲ್ಲಿರುವ ಮಗುವಿನ ಮೇಲೆ ಕ್ರೌರ್ಯ ತೋರಿದವರಿಗೆ ಶಿಕ್ಷೆ ಇದೆ.

ಬಸ್‌ಪಾಸ್ | ಸೋಮವಾರ ರಾತ್ರಿ 10:15

ನಮ್ಮ ಮೇಷ್ಟ್ರು ಹುಣಸೆ ಬರಲಿನಲ್ಲಿ ಬಾರಿಸುತ್ತಿದ್ದರು. ನಾವು ಉದ್ಧಾರ ಆಗಲಿಲ್ವಾ? ಒಂದು ಮಾತಿಗೆ ಇಷ್ಟೊಂದು ಚರ್ಚೆ ಬೇಕಾ? ಮಕ್ಕಳನ್ನು ಇಷ್ಟು ನಾಜೂಕು ಮಾಡಬೇಡಿ.

ಕೆಂಪುಇಂಕು | ಸೋಮವಾರ ರಾತ್ರಿ 10:19

ನಿಮ್ಮ ಜೊತೆ ಕೂತಿದ್ದವರಲ್ಲಿ ಎಷ್ಟು ಜನ ಏಳನೇ ಕ್ಲಾಸಿಗೇ ಶಾಲೆ ಬಿಟ್ಟರು ಅಂತ ಎಣಿಸಿ ನೋಡಿ. ಉದ್ಧಾರ ಆದವರು ಮಾತ್ರ ಇಲ್ಲಿ ಬರೆಯುತ್ತಿದ್ದೇವೆ. ಬಿಟ್ಟವರು ಬಂದು ಹೇಳುವುದಿಲ್ಲ.

ಬಸ್‌ಪಾಸ್ | ಸೋಮವಾರ ರಾತ್ರಿ 10:41

ನಮ್ಮ ಬೆಂಚಿನಲ್ಲಿ ನಾಲ್ಕು ಜನ ಇದ್ದೆವು. ಇಬ್ಬರು ಬಿಟ್ಟರು. ಒಬ್ಬ ಗಣಿತದ ಪೀರಿಯಡ್ಡಿಗೆ ಹೆದರಿಯೇ ಬಿಟ್ಟ. ನಿಮ್ಮ ಮಾತು ಸರಿ ಇರಬಹುದು.

ಹೊಸ_ಮೇಡಂ | ಸೋಮವಾರ ರಾತ್ರಿ 10:50

ಮೇಷ್ಟ್ರೇ, ಲೆಕ್ಕ ಇದು: ಎಕ್ಸ್ + 5 = −3. ಐದನ್ನು ಆ ಕಡೆ ತಗೊಂಡು ಹೋಗುವುದು ಅವನಿಗೆ ಬಂತು. ಎಕ್ಸ್ = −3 − 5 ಅಂತ ಸರಿಯಾಗಿ ಬರೆದ. ಆಮೇಲೆ ಎಕ್ಸ್ = +8 ಅಂತ ಬರೆದ. ಮೂರು ಸಲವೂ +8.

ಮಲೆನಾಡ_ಮೇಷ್ಟ್ರು | ಸೋಮವಾರ ರಾತ್ರಿ 11:08

ನಾನು ಅಂದುಕೊಂಡದ್ದು ಅದೇ. ಅದಕ್ಕೂ ಮುಂಚಿನ ಎರಡು ಮೂರು ದಿನದಲ್ಲಿ ನೀವು ಗುಣಾಕಾರದ ಚಿಹ್ನೆಗಳನ್ನು ನೆನಪು ಮಾಡಿಸಿದ್ದಿರಾ? "ಮೈನಸ್ ಮೈನಸ್ ಪ್ಲಸ್" ಅಂತ?

ಹೊಸ_ಮೇಡಂ | ಸೋಮವಾರ ರಾತ್ರಿ 11:11

ಹೌದು ಸರ್. ಮಂಗಳವಾರ. ಎಲ್ಲರ ಕೈಲೂ ಹತ್ತು ಸಲ ಹೇಳಿಸಿದ್ದೆ. ಬೋರ್ಡಿನ ಮೂಲೆಯಲ್ಲಿ ಡಬ್ಬಿ ಹಾಕಿ ಬರೆದಿದ್ದೆ.

ಮಲೆನಾಡ_ಮೇಷ್ಟ್ರು | ಸೋಮವಾರ ರಾತ್ರಿ 11:40

ಹಾಗಾದರೆ ಕೇಳಿ. ಆ ಹುಡುಗ ನಿಮ್ಮ ಪಾಠವನ್ನು ಕೇಳಿಸಿಕೊಂಡಿದ್ದಾನೆ. ಮರೆತಿಲ್ಲ. −3 − 5ರಲ್ಲಿ ಅವನ ಕಣ್ಣಿಗೆ ಎರಡು ಮೈನಸ್ ಕಂಡವು. ಮೈನಸ್ ಮೈನಸ್ ಪ್ಲಸ್. ಮೂರು ಐದು ಎಂಟು. ಪ್ಲಸ್ ಎಂಟು. ನೀವು ಹೇಳಿಕೊಟ್ಟ ನಿಯಮವನ್ನೇ ಹಾಕಿದ್ದಾನೆ, ಹಾಕಬಾರದ ಜಾಗದಲ್ಲಿ ಹಾಕಿದ್ದಾನೆ. ಅದು ಗುಣಿಸುವಾಗಿನ ಮಾತು, ಕೂಡುವಾಗಿನ ಮಾತಲ್ಲ ಅಂತ ಅವನಿಗೆ ಯಾರೂ ಹೇಳಿಲ್ಲ. ನೀವು ಇನ್ನೊಂದು ಸಲ ಮಾಡು ಅಂದಾಗ ಅವನು ಅದನ್ನೇ ಬರೆದದ್ದು ಮೊಂಡುತನಕ್ಕಲ್ಲ. ಅವನ ಪ್ರಕಾರ ಅದೇ ಸರಿ. ನಿಮ್ಮ ಬೋರ್ಡಿನಲ್ಲಿ ಡಬ್ಬಿಯೊಳಗೆ ಹಾಗೇ ಬರೆದಿತ್ತಲ್ಲ.

ನಾನು 29 ವರ್ಷ ಗಣಿತ ಹೇಳಿದೆ. ಮೊದಲ ಹತ್ತು ವರ್ಷ ನಾನೂ ಇದೇ ತಪ್ಪಿಗೆ ಮಕ್ಕಳ ಕಿವಿ ಹಿಂಡಿದ್ದೇನೆ. ಒಂದು ದಿನ ಒಬ್ಬಳು ಹುಡುಗಿ ಅಳುತ್ತಾ, "ನೀವೇ ಹೇಳಿದ್ದು ಸರ್, ಮೈನಸ್ ಮೈನಸ್ ಪ್ಲಸ್ ಅಂತ" ಅಂದಳು. ಅವತ್ತು ನನಗೆ ಗೊತ್ತಾಯಿತು. ಅದಾದ ಮೇಲೆ ನಾನು ಆ ವಾಕ್ಯವನ್ನು ಕ್ಲಾಸಲ್ಲಿ ಒಂದೇ ಒಂದು ಸಲವೂ ಆಡಿಲ್ಲ. "ಎರಡು ಋಣ ಸಂಖ್ಯೆ ಗುಣಿಸಿದರೆ ಧನ" ಅಂತ ಪೂರ್ತಿ ಹೇಳುತ್ತೇನೆ.

ನಾಳೆ ಹೀಗೆ ಮಾಡಿ. ಎಲ್ಲರಿಗೂ ಕಾಲು ಹಾಳೆ ಚೀಟಿ ಕೊಡಿ. ಹೆಸರು ಬೇಡ. −3 − 5 ಎಷ್ಟು ಅಂತ ಬರೆಯಲಿ. ಎಷ್ಟು ಜನ +8 ಬರೆಯುತ್ತಾರೆ ನೋಡಿ. ನಗುತ್ತಿದ್ದವರಲ್ಲೂ ಇರುತ್ತಾರೆ. ಆಮೇಲೆ ಅಂಗಡಿ ಸಾಲ ಹಿಡಿಯಿರಿ. ಶೆಟ್ಟರ ಅಂಗಡಿಯಲ್ಲಿ ಮೂರು ರೂಪಾಯಿ ಸಾಲ ಇದೆ. ಇವತ್ತು ಮತ್ತೆ ಐದು ರೂಪಾಯಿ ಸಾಲ ತಂದೆ. ಈಗ ನನ್ನ ಕೈಯಲ್ಲಿ ಎಂಟು ರೂಪಾಯಿ ಇದೆಯಾ, ಎಂಟು ರೂಪಾಯಿ ಸಾಲ ಇದೆಯಾ? ಅದು ಹಿಡಿಸದಿದ್ದರೆ ನೆಲದ ಮೇಲೆ ಸಂಖ್ಯಾರೇಖೆ ಎಳೆದು ನಡೆಸಿ. ಸೊನ್ನೆಯಿಂದ ಎಡಕ್ಕೆ ಮೂರು ಹೆಜ್ಜೆ, ಅಲ್ಲಿಂದ ಮತ್ತೆ ಎಡಕ್ಕೆ ಐದು.

ಹಳೇ_ಬೋರ್ಡು | ಮಂಗಳವಾರ ಬೆಳಗ್ಗೆ 6:30

ಮೇಷ್ಟ್ರೇ, ನಾನು ಎರಡು ಮಕ್ಕಳ ತಾಯಿ. ಇದನ್ನು ಓದಿ ನನ್ನ ಮಗನ ನೋಟ್‌ಬುಕ್ ತೆಗೆದು ನೋಡಿದೆ. ಅದೇ ತಪ್ಪು, ನಾಲ್ಕು ಕಡೆ. ಪಕ್ಕದಲ್ಲಿ ಕೆಂಪು ಇಂಕಿನ ಗೀಟು ಇದೆ, ಅಷ್ಟೇ. ಯಾಕೆ ತಪ್ಪು ಅಂತ ಇಲ್ಲ.

ಗಡಿಯಾರ_ನೋಡೋರು | ಮಂಗಳವಾರ ಬೆಳಗ್ಗೆ 8:05

ಎಲ್ಲಾ ಸರಿ. ಆದರೆ ಈ ಮೇಡಂ ಕ್ಲಾಸಿಗಾದರೂ ಹೋಗುತ್ತಿದ್ದಾರೆ. ಹೋಗದೇ ಇರುವವರ ಕಥೆ ಏನು? ನಾನ್ ಅಟೆಂಡಿಂಗ್ ಬಿ.ಎಡ್. ಅಂತ ದುಡ್ಡು ಕಟ್ಟಿದರೆ ಎರಡು ವರ್ಷ ಮನೆಯಲ್ಲೇ ಇರಬಹುದು. ಪರೀಕ್ಷೆಗೆ ಹೋದರೆ ಸಾಕು. ಪಾಠ ಯೋಜನೆ ಬರೆದುಕೊಡುವವರೂ ಇದ್ದಾರೆ. ನನ್ನ ಅಣ್ಣನ ಹೆಂಡತಿ ಹಾಗೇ ಮುಗಿಸಿದರು. ಇಂಟರ್ನ್‌ಶಿಪ್ ಸರ್ಟಿಫಿಕೇಟಿಗೆ ಒಂದು ಖಾಸಗಿ ಶಾಲೆಯ ಸೀಲು ಬಿತ್ತು.

ಕೆಂಪುಇಂಕು | ಮಂಗಳವಾರ ಬೆಳಗ್ಗೆ 8:40

ಇದಕ್ಕಿಂತ ದೊಡ್ಡ ಮೋಸ ಇನ್ನೊಂದಿಲ್ಲ. ನಿಯಮ ಇಲ್ಲವೇ ಅಂದರೆ ಇದೆ. ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು) 2014ರ ನಿಯಮದಲ್ಲಿ ತರಗತಿಗಳಿಗೆ ಶೇ 80 ಹಾಜರಿ, ಇಂಟರ್ನ್‌ಶಿಪ್‌ಗೆ ಶೇ 90 ಹಾಜರಿ ಕಡ್ಡಾಯ. ಮೊದಲ ವರ್ಷ ನಾಲ್ಕು ವಾರ, ಎರಡನೇ ವರ್ಷ ಹದಿನಾರು ವಾರ, ಒಟ್ಟು ಇಪ್ಪತ್ತು ವಾರ ಶಾಲೆಯಲ್ಲಿರಬೇಕು. ಬಿ.ಎಡ್. ಒಂದು ವರ್ಷದಿಂದ ಎರಡು ವರ್ಷ ಆದದ್ದೇ ಅದಕ್ಕೆ. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲಿ ಶಿಕ್ಷಕರ ತರಬೇತಿ ಹೇಗೆ ಹಾಳಾಗಿದೆ ಅಂತ ವರದಿ ಕೊಟ್ಟ ಮೇಲೆ ಆದ ಬದಲಾವಣೆ. ಹಾಗೆ ಹೆಚ್ಚಿಸಿದ ಒಂದು ವರ್ಷ ಎಷ್ಟೋ ಕಡೆ ಬರೀ ಫೀಸಿನಲ್ಲಿ ಮಾತ್ರ ಹೆಚ್ಚಾಗಿದೆ ಅನ್ನುವುದು ನನ್ನ ಸಂಕಟ.

ಗಡಿಯಾರ_ನೋಡೋರು | ಮಂಗಳವಾರ ಬೆಳಗ್ಗೆ 8:52

ಅತ್ತಿಗೆ ಈಗ ಪಾಠ ಮಾಡುತ್ತಿದ್ದಾರೆ. ಮೊದಲ ದಿನ ಕ್ಲಾಸಿಗೆ ಹೋಗಿ ಬಂದು ಅತ್ತರು. ನನಗೆ ಏನೂ ಗೊತ್ತಿಲ್ಲ, ಯಾರನ್ನು ಕೇಳಲಿ ಅಂತ. ಅವರ ಮೇಲೆ ನನಗೆ ಸಿಟ್ಟಿಲ್ಲ. ಚಿಕ್ಕ ಮಗು ಇತ್ತು, ಕಾಲೇಜು 60 ಕಿಲೋಮೀಟರ್ ದೂರ. ಆದರೆ ನಷ್ಟ ಮಕ್ಕಳಿಗೆ.

ಹನ್ನೊಂದುಸಾವಿರ | ಮಂಗಳವಾರ ಮಧ್ಯಾಹ್ನ 1:20

ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ಖಾಸಗಿ ಶಾಲೆ, ಆರು ವರ್ಷ ಅನುಭವ, ತಿಂಗಳಿಗೆ 11 ಸಾವಿರ. ವಾರಕ್ಕೆ 38 ಪೀರಿಯಡ್. ಅದರ ಮೇಲೆ ವ್ಯಾನ್ ಡ್ಯೂಟಿ. ಅಡ್ಮಿಷನ್ ಸಮಯದಲ್ಲಿ ಮನೆ ಮನೆ ಸುತ್ತಬೇಕು. ನಿಮ್ಮ ಮಾತೆಲ್ಲ ಒಪ್ಪುತ್ತೇನೆ. ಆದರೆ ಪ್ರತಿ ಮಗು ಯಾಕೆ ತಪ್ಪು ಮಾಡಿತು ಅಂತ ಕೂತು ನೋಡಲು ನನಗೆ ಯಾವಾಗ ಪುರಸೊತ್ತಿದೆ? ಟೀಚರ್ ಹೇಗಿರಬೇಕು ಅಂತ ಹೇಳುವವರು ಬಹಳ. ಟೀಚರನ್ನು ಹೇಗೆ ಇಟ್ಟುಕೊಳ್ಳಬೇಕು ಅಂತ ಯಾರೂ ಹೇಳುವುದಿಲ್ಲ.

ಸಿಆರ್‌ಪಿ_ಒಬ್ಬ | ಮಂಗಳವಾರ ಮಧ್ಯಾಹ್ನ 1:45

ನಾನು ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಅಂದರೆ ಸುತ್ತಲಿನ ಕೆಲವು ಶಾಲೆಗಳ ಶಿಕ್ಷಕರಿಗೆ ನೆರವಾಗುವವನು. ಸರ್ಕಾರಿ ಶಾಲೆಯಲ್ಲೂ ಪುರಸೊತ್ತು ಕಷ್ಟವೇ. ಸ್ಯಾಟ್ಸ್ ಅನ್ನುವ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಮಕ್ಕಳ ಮಾಹಿತಿ ತುಂಬುವುದು, ಬಿಸಿಯೂಟ, ಹಾಲು, ಮೊಟ್ಟೆ ಲೆಕ್ಕ, ಮತಗಟ್ಟೆ ಕೆಲಸ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಾಕಬಾರದು ಅಂತ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮಿನಲ್ಲೇ ಇದೆ. ಹನ್ನೊಂದುಸಾವಿರ ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ.

ಆದರೂ ಒಂದು ಮಾತು. ಹೊಸದಾಗಿ ಬರುವವರಿಗೆ ಏನು ನಿರೀಕ್ಷೆ ಅಂತ ಬರೆದಿಡುವ ಕೆಲಸ ನಡೆದಿದೆ. ರಾಷ್ಟ್ರೀಯ ಶಿಕ್ಷಣ ನೀತಿ 2020ರಲ್ಲಿ ಶಿಕ್ಷಕರಿಗೆ ವೃತ್ತಿಪರ ಮಾನದಂಡ ಬೇಕು ಅಂತ ಹೇಳಿದರು. ಎನ್‌ಸಿಟಿಇ ಅದಕ್ಕೆ ಮಾರ್ಗದರ್ಶಿ ದಾಖಲೆ ತಂದಿದೆ. ಮೌಲ್ಯ ಮತ್ತು ನೀತಿ, ವೃತ್ತಿಯ ಜ್ಞಾನ ಮತ್ತು ಅಭ್ಯಾಸ, ವೃತ್ತಿಯಲ್ಲಿ ಬೆಳವಣಿಗೆ, ಈ ಮೂರನ್ನು ಇಟ್ಟುಕೊಂಡಿದ್ದಾರೆ. ಅದೇ ನೀತಿಯಲ್ಲಿ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ತರಬೇತಿ ಪಡೆಯಬೇಕು ಅಂತಲೂ ಇದೆ.

ಹನ್ನೊಂದುಸಾವಿರ | ಮಂಗಳವಾರ ಮಧ್ಯಾಹ್ನ 1:58

50 ಗಂಟೆಯಲ್ಲಿ ಎಷ್ಟು ಗಂಟೆ ಮೊಬೈಲಿನಲ್ಲಿ ವಿಡಿಯೋ ಹಾಕಿ ಪಕ್ಕಕ್ಕಿಟ್ಟು ಸರ್ಟಿಫಿಕೇಟ್ ತೆಗೆಯುವುದು ಅಂತ ನಿಮಗೂ ಗೊತ್ತು ಸರ್.

ಸಿಆರ್‌ಪಿ_ಒಬ್ಬ | ಮಂಗಳವಾರ ಮಧ್ಯಾಹ್ನ 2:10

ಗೊತ್ತು. ಸುಳ್ಳು ಹೇಳುವುದಿಲ್ಲ. ನಮ್ಮ ಕ್ಲಸ್ಟರ್‌ನಲ್ಲಿ ನಾನು ಸಮಾಲೋಚನಾ ಸಭೆಯಲ್ಲಿ ಒಂದು ಬದಲಾವಣೆ ಮಾಡಿದೆ. ಪ್ರತಿಯೊಬ್ಬರೂ ತಮ್ಮ ಮಕ್ಕಳ ಒಂದು ತಪ್ಪು ಉತ್ತರ ತರಬೇಕು. ಸರಿ ಉತ್ತರ ಬೇಡ. ಒಬ್ಬರು "ಅವನು ಊಟಕ್ಕೆ ಹೋದಳು" ಅಂತ ಬರೆದ ವಾಕ್ಯ ತಂದರು. ಇನ್ನೊಬ್ಬರು 205ನ್ನು 2005 ಅಂತ ಬರೆದದ್ದು ತಂದರು. ಎರಡು ಗಂಟೆ ಯಾರೂ ಮೊಬೈಲ್ ಮುಟ್ಟಲಿಲ್ಲ.

ಮಲೆನಾಡ_ಮೇಷ್ಟ್ರು | ಮಂಗಳವಾರ ಮಧ್ಯಾಹ್ನ 2:30

205ನ್ನು 2005 ಅಂತ ಬರೆಯುವುದು ಅದ್ಭುತವಾದ ತಪ್ಪು. ಇನ್ನೂರು ಬರೆದು ಪಕ್ಕದಲ್ಲಿ ಐದು ಇಟ್ಟಿದೆ ಆ ಮಗು. ಕಿವಿಗೆ ಕೇಳಿದ ಹಾಗೇ ಬರೆದಿದೆ. ಸ್ಥಾನಬೆಲೆ ಇನ್ನೂ ಕೂತಿಲ್ಲ, ಅಷ್ಟೇ.

ಸೀರೆಸೆರಗು | ಮಂಗಳವಾರ ಮಧ್ಯಾಹ್ನ 3:15

"ಅವನು ಹೋದಳು" ಬರೆದ ಮಗುವಿನ ಮನೆಮಾತು ಯಾವುದು ಅಂತ ಕೇಳಿದಿರಾ ಸರ್? ನಮ್ಮ ಶಾಲೆಗೆ ತಾಂಡಾದಿಂದ ಬರುವ ಮಕ್ಕಳು ಮನೆಯಲ್ಲಿ ಲಂಬಾಣಿ ಮಾತಾಡುತ್ತಾರೆ. ಅವರಿಗೆ ಕನ್ನಡ ಎರಡನೇ ಭಾಷೆ. ನಮ್ಮವರು ಅವರನ್ನು ದಡ್ಡರು ಅಂತ ಒಂದನೇ ಕ್ಲಾಸಲ್ಲೇ ತೀರ್ಮಾನ ಮಾಡಿಬಿಡುತ್ತಾರೆ. ನನ್ನ ಇಂಟರ್ನ್‌ಶಿಪ್‌ನಲ್ಲಿ ಬೆಂಗಳೂರಿಂದ ಬಂದ ಗೆಳತಿ, ಕಲಬುರಗಿ ಕಡೆಯ ಮಕ್ಕಳು "ಹಂಗ", "ಎದಕ" ಅಂದರೆ ತಪ್ಪು ಕನ್ನಡ ಅಂತ ತಿದ್ದುತ್ತಿದ್ದಳು. ಮಕ್ಕಳು ಅವಳ ಕ್ಲಾಸಲ್ಲಿ ಮಾತಾಡುವುದನ್ನೇ ಬಿಟ್ಟರು.

ಟಿಇಟಿ_ಆಕಾಂಕ್ಷಿ | ಮಂಗಳವಾರ ಮಧ್ಯಾಹ್ನ 3:40

ಯಾರ ಬಳಿಯಾದರೂ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪತ್ರಿಕೆ 2ರ ಸಮಾಜ ವಿಜ್ಞಾನ ನೋಟ್ಸ್ ಇದೆಯಾ? ಎರಡು ಸಲ 90 ದಾಟಲಿಲ್ಲ, 150ಕ್ಕೆ 86 ಬಂತು.

ಸೀರೆಸೆರಗು | ಮಂಗಳವಾರ ಮಧ್ಯಾಹ್ನ 3:44

ಕಳಿಸುತ್ತೇನೆ, ಬೇರೆ ಚರ್ಚೆ ಶುರು ಮಾಡಿ ತಮ್ಮಾ, ಇಲ್ಲಿ ಕಳೆದುಹೋಗುತ್ತೆ. 86 ಅಂದರೆ ಹತ್ತಿರ ಬಂದಿದ್ದೀರಿ. ಶಿಶು ಮನೋವಿಜ್ಞಾನದ 30 ಅಂಕವನ್ನು ಚೆನ್ನಾಗಿ ಹಿಡಿಯಿರಿ.

ಗಡಿಯಾರ_ನೋಡೋರು | ಮಂಗಳವಾರ ಮಧ್ಯಾಹ್ನ 4:02

ಟಿಇಟಿ ಈಗ ಸೇವೆಯಲ್ಲಿ ಇರುವವರಿಗೂ ಬಂತಲ್ಲ. 2025ರ ಸೆಪ್ಟೆಂಬರ್ 1ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ನಿವೃತ್ತಿಗೆ ಐದು ವರ್ಷಕ್ಕಿಂತ ಜಾಸ್ತಿ ಇರುವವರು ಎರಡು ವರ್ಷದೊಳಗೆ ಪಾಸು ಮಾಡಬೇಕು. ಇಪ್ಪತ್ತು ವರ್ಷ ಪಾಠ ಮಾಡಿದವರೂ ಈಗ ಗೈಡ್ ಹಿಡಿದು ಕೂತಿದ್ದಾರೆ. ಮಗು ಯಾಕೆ +8 ಬರೆಯಿತು ಅಂತ ಕಂಡುಹಿಡಿಯುವವರನ್ನು ಆ ಪರೀಕ್ಷೆ ಗುರುತಿಸುತ್ತದಾ?

ಸಿಆರ್‌ಪಿ_ಒಬ್ಬ | ಮಂಗಳವಾರ ಮಧ್ಯಾಹ್ನ 4:20

ಪೂರ್ತಿ ಇಲ್ಲ. ಆದರೆ ವಿಷಯವೇ ಗೊತ್ತಿಲ್ಲದವರನ್ನು ತಡೆಯುತ್ತದೆ. ಅದೂ ಬೇಕು. ಪರೀಕ್ಷೆಯನ್ನೇ ಬೇಡ ಅನ್ನುವುದಕ್ಕೆ ನಾನು ಒಪ್ಪಲ್ಲ.

ಮಳೆನಾಡು_ಲೀಡ್ಸ್ | ಮಂಗಳವಾರ ಸಂಜೆ 6:10

ನಾನು ಮೈಸೂರಿನವಳು, ಈಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಶಾಲಾ ಶಿಕ್ಷಕಿ. ಇಲ್ಲಿ 2012ರಿಂದ ಶಿಕ್ಷಕರ ಮಾನದಂಡಗಳು ಜಾರಿಯಲ್ಲಿವೆ. ಬೋಧನೆಗೆ ಎಂಟು, ನಡತೆಗೆ ಬೇರೆಯೇ ಒಂದು ಭಾಗ. ಆದರೆ ನನಗೆ ನಿಜವಾಗಿ ಸಹಾಯ ಆದದ್ದು ಆ ಪಟ್ಟಿಯಲ್ಲ. 2021ರಿಂದ ಹೊಸ ಟೀಚರುಗಳಿಗೆ ಎರಡು ವರ್ಷದ ಆಸರೆಯ ಅವಧಿ ಇದೆ. ಮೊದಲ ವರ್ಷ ಟೈಮ್‌ಟೇಬಲ್‌ನಲ್ಲಿ ಶೇ 10 ಕಡಿಮೆ, ಎರಡನೇ ವರ್ಷ ಶೇ 5 ಕಡಿಮೆ. ಆ ಸಮಯದಲ್ಲಿ ಮೆಂಟರ್ ಜೊತೆ ಕೂತು ಮಾತಾಡಬೇಕು. ನಾನೂ ಒಂದು ದಿನ ಕ್ಲಾಸಲ್ಲಿ ಕಿರುಚಿದ್ದೆ. ಮೆಂಟರ್ ಬೈಯಲಿಲ್ಲ. "ಕಿರುಚುವ ಒಂದು ನಿಮಿಷ ಮುಂಚೆ ನಿನ್ನ ಮೈಗೆ ಏನಾಗುತ್ತಿತ್ತು" ಅಂತ ಕೇಳಿದರು. ಹೊಟ್ಟೆ ಹಸಿದಿತ್ತು, ಬೆಳಗ್ಗಿನಿಂದ ನೀರು ಕುಡಿದಿರಲಿಲ್ಲ. ಅವತ್ತಿನಿಂದ ಮೇಜಿನ ಮೇಲೆ ನೀರಿನ ಬಾಟಲಿ ಇಡುತ್ತೇನೆ. ಹೊಸ ಮೇಡಂ, ನಿಮ್ಮದು ಅವತ್ತಿನ ಐದನೇ ಕ್ಲಾಸು ಅಂದಿರಿ. ಅದನ್ನೂ ಡೈರಿಯಲ್ಲಿ ಬರೆಯಿರಿ. ತಪ್ಪಿಸಿಕೊಳ್ಳಲು ಅಲ್ಲ, ಮುಂದೆ ಎಚ್ಚರ ಇರಲು.

ಹೆಚ್‌ಎಂ_ಟೀಚರಮ್ಮ | ಮಂಗಳವಾರ ಸಂಜೆ 7:00

ನಾನು ಪ್ರೌಢಶಾಲೆಯ ಮುಖ್ಯ ಶಿಕ್ಷಕಿ. ಇಲ್ಲಿ ಎಲ್ಲರೂ ಡೈರಿ, ಕಾಯ್ದೆ ಅಂತ ಮಾತಾಡುತ್ತಿದ್ದೀರಿ. ಮಗು ಮೂರು ದಿನದಿಂದ ಶಾಲೆಗೆ ಬಂದಿಲ್ಲ. ಮೊದಲು ಆ ಕೆಲಸ ಆಗಲಿ.

ಅಮ್ಮಾ, ನಿಮ್ಮ ಶಾಲೆಯ ಮುಖ್ಯ ಶಿಕ್ಷಕರಿಗೆ ನಾಳೆ ಬೆಳಗ್ಗೆಯೇ ಹೇಳಿ. ಬೇರೆಯವರಿಂದ ಅವರಿಗೆ ಗೊತ್ತಾಗುವುದು ಬೇಡ. ಒಬ್ಬರೇ ಹುಡುಗನ ಮನೆಗೆ ಹೋಗಬೇಡಿ, ಶಾಲೆಯವರನ್ನು ಒಬ್ಬರನ್ನು ಕರೆದುಕೊಂಡು ಹೋಗಿ. ಮನೆಯಲ್ಲಿ ಅಪ್ಪ ಅಮ್ಮನ ಮುಂದೆ ಅವನ ಓದಿನ ವಿಷಯ ಎತ್ತಲೇಬೇಡಿ. ಓದು ಅಂದರೆ ಅವನಿಗೆ ಅಲ್ಲೂ ಬೈಗುಳ ಬೀಳುತ್ತದೆ.

ಇನ್ನು ಡೈರಿ. ಬರೆಯಿರಿ. ಆದರೆ ಹುಡುಗನ ಹೆಸರು, ಗುರುತು ಬರೆಯಬೇಡಿ. ಆ ಡೈರಿ ಹತ್ತು ಕೈ ತಿರುಗುತ್ತದೆ. "ನಾನು ಕೆಟ್ಟವಳು, ನನಗೆ ಈ ಕೆಲಸಕ್ಕೆ ಅರ್ಹತೆ ಇಲ್ಲ" ಅಂತ ಬರೆದರೆ ಯಾರಿಗೂ ಉಪಯೋಗ ಇಲ್ಲ. ಏನು ನಡೆಯಿತು, ಹುಡುಗ ಏನು ಬರೆದಿದ್ದ, ನನಗೆ ಆಗ ಏನು ಕಾಣಲಿಲ್ಲ, ಈಗ ಏನು ಮಾಡಿದೆ. ಒಂದೂವರೆ ಪುಟ ಸಾಕು. ನಾನು 14 ವರ್ಷದಿಂದ ಇಂಟರ್ನ್‌ಶಿಪ್ ಮಕ್ಕಳ ಡೈರಿಗೆ ಸಹಿ ಹಾಕುತ್ತಿದ್ದೇನೆ. "ಪಾಠ ಯಶಸ್ವಿಯಾಯಿತು" ಅಂತ ಬರೆದ ಒಂದೇ ಒಂದು ಡೈರಿಯೂ ನನಗೆ ನೆನಪಿಲ್ಲ.

ಪೆನ್ಸಿಲ್_ಮೊನೆ | ಮಂಗಳವಾರ ಸಂಜೆ 7:12

ಮೇಡಂ, ನೀವು ಓದುತ್ತೀರಿ. ಎಲ್ಲರೂ ಓದುವುದಿಲ್ಲ. ನನ್ನ ಡೈರಿಯಲ್ಲಿ ನಾನು ನಡೆದದ್ದು ಬರೆದಿದ್ದೆ. ಮಾರ್ಗದರ್ಶಕ ಶಿಕ್ಷಕರು ಕ್ಲಾಸಿಗೇ ಬರುವುದಿಲ್ಲ, ನಮ್ಮ ಕೈಲಿ ಉತ್ತರ ಪತ್ರಿಕೆ ತಿದ್ದಿಸುತ್ತಾರೆ ಅಂತ. 50ಕ್ಕೆ 29 ಕೊಟ್ಟರು. ಕಾಪಿ ಹೊಡೆದವರಿಗೆ 46. ಅದಕ್ಕೇ ಮೊದಲ ಉತ್ತರ ಹಾಗೆ ಬರೆದೆ.

ಹೆಚ್‌ಎಂ_ಟೀಚರಮ್ಮ | ಮಂಗಳವಾರ ಸಂಜೆ 7:25

ನಿಮಗೆ ಅನ್ಯಾಯ ಆಗಿದೆ. ಅದನ್ನು ಇಲ್ಲ ಅನ್ನಲಾರೆ. ಇವರಿಗೂ ಅಂಕ ಕಡಿಮೆ ಆಗಬಹುದು. ಅದು ಗೊತ್ತಿದ್ದೇ ಬರೆಯಲಿ ಅನ್ನುತ್ತಿದ್ದೇನೆ.

ಬಸ್‌ಪಾಸ್ | ಮಂಗಳವಾರ ರಾತ್ರಿ 8:30

ಹುಡುಗನ ಹತ್ತಿರ ಸಾರಿ ಕೇಳಬೇಕಾ? ಎಲ್ಲರ ಮುಂದೆಯಾ? ಕೇಳಿದರೆ ಕ್ಲಾಸು ಕೈ ತಪ್ಪುವುದಿಲ್ವಾ?

ಸೀರೆಸೆರಗು | ಮಂಗಳವಾರ ರಾತ್ರಿ 8:41

ಅವಮಾನ ಎಲ್ಲರ ಮುಂದೆ ಆಗಿದೆ. ಸ್ಟಾಫ್ ರೂಮಿಗೆ ಕರೆದು ಗುಟ್ಟಾಗಿ ಸಾರಿ ಹೇಳಿದರೆ ಉಳಿದ 53 ಮಕ್ಕಳಿಗೆ ಅವನು ಇನ್ನೂ "ಸಗಣಿ"ಯೇ.

ಹನ್ನೊಂದುಸಾವಿರ | ಮಂಗಳವಾರ ರಾತ್ರಿ 8:50

ಆದರೆ ಅವನನ್ನು ಎದ್ದು ನಿಲ್ಲಿಸಿ ಸಾರಿ ಹೇಳಬೇಡಿ. ಮತ್ತೆ ಎಲ್ಲರೂ ಅವನನ್ನೇ ನೋಡುತ್ತಾರೆ. ಅವನಿಗೆ ಅದೂ ಹಿಂಸೆ. ನನ್ನ ಕ್ಲಾಸಲ್ಲಿ ಹಾಗಾಗಿತ್ತು.

ಹೊಸ_ಮೇಡಂ | ಶುಕ್ರವಾರ ರಾತ್ರಿ 9:30

ಎಲ್ಲರಿಗೂ ಕೈ ಮುಗಿಯುತ್ತೇನೆ. ಮೂರು ದಿನ ಬರೆಯಲು ಆಗಲಿಲ್ಲ. ನಡೆದದ್ದು ಹೇಳುತ್ತೇನೆ.

ಬುಧವಾರ ಬೆಳಗ್ಗೆ ಹೆಚ್‌ಎಂಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಸಂಜೆ ನಾನೇ ಬರುತ್ತೇನೆ, ಇಬ್ಬರೂ ಹೋಗೋಣ" ಅಂದರು. ಹುಡುಗ ಮನೆಯಲ್ಲಿ ಇರಲಿಲ್ಲ. ಮೆಕ್ಕೆಜೋಳ ಕೊಯ್ಲಿಗೆ ಹೋಗಿದ್ದ. ಅವರಮ್ಮ, "ಮೈಗೆ ಹುಷಾರಿಲ್ಲ, ಶಾಲೆಗೆ ಹೋಗಲ್ಲ ಅಂದ, ಹಾಗಾದರೆ ಹೊಲಕ್ಕಾದರೂ ಬಾ ಅಂದೆ" ಅಂದರು. ನಾನು ಬೈದದ್ದನ್ನು ಅವನು ಮನೆಯಲ್ಲಿ ಹೇಳಿಯೇ ಇಲ್ಲ. ಕತ್ತಲಾಗುವಾಗ ಬಂದ. ನನ್ನನ್ನು ನೋಡಿ ಬಾಗಿಲಲ್ಲೇ ನಿಂತ. ನಾನು, "ನೀನು ಬರೆದದ್ದು ನಾನು ಹೇಳಿಕೊಟ್ಟ ನಿಯಮವೇ ಕಣೋ, ನಾನು ಅರ್ಧ ಹೇಳಿಕೊಟ್ಟಿದ್ದೆ. ಹಾಗೆ ಅನ್ನಬಾರದಿತ್ತು" ಅಂದೆ. ಅವನು ಏನೂ ಮಾತಾಡಲಿಲ್ಲ. ಕೈಗೆ ಅಂಟಿದ್ದ ಜೋಳದ ಹೊಟ್ಟು ಉಜ್ಜಿಕೊಳ್ಳುತ್ತಾ ನಿಂತಿದ್ದ. ಅವರಮ್ಮ ಟೀ ಕೊಟ್ಟರು.

ಗುರುವಾರವೂ ಬರಲಿಲ್ಲ. ಇವತ್ತು ಬಂದ. ಅದೇ ಹಿಂದಿನ ಬೆಂಚು.

ಚೀಟಿ ವಿಷಯ. ಬುಧವಾರವೇ ಕೊಟ್ಟಿದ್ದೆ. ಅವತ್ತು 49 ಮಕ್ಕಳಿದ್ದರು. 21 ಚೀಟಿಯಲ್ಲಿ +8 ಇತ್ತು. ಆರರಲ್ಲಿ −2, ಮೂರರಲ್ಲಿ +2. ಸರಿ ಉತ್ತರ ಬರೆದವರು 19 ಜನ ಮಾತ್ರ. ಇವತ್ತು ಅವನು ಇದ್ದಾಗಲೇ ಎಲ್ಲರಿಗೂ ಹೇಳಿದೆ. "ಹೋದ ವಾರ ಬೋರ್ಡಿನ ಮೇಲೆ ಬಂದ ತಪ್ಪು ನಿಮ್ಮಲ್ಲಿ 21 ಜನರದ್ದು. ಅದು ನನ್ನ ಪಾಠದಿಂದ ಬಂದ ತಪ್ಪು. ನಾನು ಆಡಿದ ಮಾತು ತಪ್ಪು, ಅದನ್ನು ಯಾರಿಗೂ ಆಡಬಾರದು, ನಾನೂ ಆಡುವುದಿಲ್ಲ." ಅವನ ಹೆಸರು ಹೇಳಲಿಲ್ಲ, ಅವನ ಕಡೆ ನೋಡಲೂ ಇಲ್ಲ. ಕ್ಲಾಸು ಕೈ ತಪ್ಪಲಿಲ್ಲ, ಬಸ್‌ಪಾಸ್ ಅಣ್ಣ. ಎಲ್ಲರೂ ಸುಮ್ಮನೆ ಕೇಳಿದರು. ಆಮೇಲೆ ನೆಲದ ಮೇಲೆ ಗೆರೆ ಎಳೆದು ನಡೆಸಿದೆ. ಅವನು ನಡೆಯಲು ಬರಲಿಲ್ಲ, ಆದರೆ ನೋಡುತ್ತಿದ್ದ.

ಡೈರಿ ಬರೆದೆ. ಎರಡು ಪುಟ ಆಯಿತು. ನಮ್ಮ ಕಾಲೇಜಿನ ಮಾರ್ಗದರ್ಶಕರು ನನ್ನ ಎದುರೇ ಓದಿದರು. ಸಹಿ ಹಾಕಿದರು. "ಮುಂದಿನ ವಾರ ನಿಮ್ಮ ಕ್ಲಾಸಿಗೆ ಬಂದು ಕೂರುತ್ತೇನೆ" ಅಂದರು. ಇಲ್ಲಿಯವರೆಗೆ ಬಂದಿರಲಿಲ್ಲ. ಅಂಕ ಎಷ್ಟು ಅಂತ ಗೊತ್ತಿಲ್ಲ.

ಮೇಷ್ಟ್ರೇ, ಒಂದು ಸಹಾಯ. ಕ್ಲಾಸು ಮುಗಿಯುವಾಗ ಮೊದಲ ಬೆಂಚಿನ ಹುಡುಗಿ ಕೇಳಿದಳು. "ಮೇಡಂ, ಸಾಲ ಮತ್ತು ಸಾಲ ಸೇರಿದರೆ ಸಾಲವೇ. ಸರಿ. ಹಾಗಾದರೆ ಗುಣಿಸಿದರೆ ಮಾತ್ರ ಪ್ಲಸ್ ಯಾಕೆ?" ನನಗೆ ಉತ್ತರ ಹೇಳಲು ಬರಲಿಲ್ಲ. ನಾನೂ ಬಾಯಿಪಾಠ ಮಾಡಿದವಳೇ. ನಾಳೆ ಹೇಳುತ್ತೇನೆ ಅಂದಿದ್ದೇನೆ.

ಪೆನ್ಸಿಲ್_ಮೊನೆ | ಶುಕ್ರವಾರ ರಾತ್ರಿ 9:44

ಅಂಕ ಬಂದಾಗ ಇಲ್ಲಿ ಹೇಳಿ. ಕಡಿಮೆ ಕೊಟ್ಟರೆ ನಾವೆಲ್ಲ ಸೇರಿ ಪತ್ರ ಬರೆಯೋಣ. ನಾನು ಮೊದಲು ಸಹಿ ಹಾಕುತ್ತೇನೆ.

ಮಲೆನಾಡ_ಮೇಷ್ಟ್ರು | ಶುಕ್ರವಾರ ರಾತ್ರಿ 10:15

ಓದಿ ಬಹಳ ಖುಷಿಯಾಯಿತು ತಂಗಿ. ಆ ಹುಡುಗಿಯ ಪ್ರಶ್ನೆ ಅದಕ್ಕಿಂತ ಖುಷಿ ಕೊಟ್ಟಿತು.

ನಾಳೆ ಬೋರ್ಡಿನ ಮೇಲೆ ಒಂದರ ಕೆಳಗೆ ಒಂದು ಬರೆಯಿರಿ:

(−2) × 3 = −6
(−2) × 2 = −4
(−2) × 1 = −2
(−2) × 0 = 0

ಇಲ್ಲಿ ನಿಲ್ಲಿಸಿ. ಉತ್ತರ ಪ್ರತಿ ಸಾಲಿಗೂ ಏನಾಗುತ್ತಿದೆ ಅಂತ ಕೇಳಿ. ಎರಡೆರಡು ಮೇಲೆ ಹತ್ತುತ್ತಿದೆ ಅಂತ ಯಾರಾದರೂ ಹೇಳುತ್ತಾರೆ. ಆಮೇಲೆ (−2) × (−1) ಅಂತ ಮುಂದಿನ ಸಾಲು ಬರೆದು, ಸಮ ಚಿಹ್ನೆ ಹಾಕಿ, ಸೀಮೆಸುಣ್ಣ ಮೇಜಿನ ಮೇಲಿಡಿ. ನೀವು ಹೇಳಬೇಡಿ. ಐದು ನಿಮಿಷ ಹೋದರೂ ಹೋಗಲಿ. ಯಾರನ್ನೂ ಹೆಸರು ಹಿಡಿದು ಕರೆಯಬೇಡಿ, ಬರಬೇಕು ಅನ್ನಿಸಿದವರು ಬಂದು ಬರೆಯಲಿ.